ಪಹಣಿಯಲ್ಲಿ ಹೆಸರಿದ್ದರೆ ಹೊಲ ನಮ್ಮದಾಯ್ತಾ?

‘ಪಹಣಿ ನಮ್ಮ ಅಪ್ಪನ ಹೆಸರಲ್ಲೇ ಐತಿ ಸಾರ್, ಇನ್ನೇನು ಭಯ?’ ಜಮೀನಿನ ಬಗ್ಗೆ ಯಾವ ಕಾರ್ಯಕ್ರಮ ಮಾಡಿದರೂ ಇಂಥದೊಂದು ಫೋನ್ ಬಂದೇ ಬರುತ್ತೆ. ಈ ಸಲ ಫೋನ್ ಮಾಡಿದವರು ಸಂಡೂರು ತಾಲ್ಲೂಕಿನ ಯಶವಂತನಗರದ ಕಡೆಯ ರೈತರು. ತೀರಿಹೋದ ತಂದೆಯ ಹೊಲ ಮಾರೋಕೆ ಮಾತುಕತೆ ನಡೀತಿತ್ತು. ಸಂಡೂರು ಅಂದ ಕೂಡಲೇ ನಾನು ತಿರುಗಿ ಕೇಳಿದ್ದು ಒಂದೇ: ಈ ಹೊಲ ನಿಮ್ಮ ತಂದೆಯವರಿಗೆ ಬಂದಿದ್ದು ಹೇಗೆ?

ಈ ಪ್ರಶ್ನೆ ಯಾಕೆ ಅಂತೀರಾ? ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, 1953ರಲ್ಲಿ ಬಳ್ಳಾರಿ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಸರ್ಕಾರಗಳು ಬದಲಾದವು, ಉಳುವವನ ಸ್ಥಿತಿ ಬದಲಾಗಲಿಲ್ಲ. ಇಲ್ಲಿನ ಎಷ್ಟೋ ಹೊಲಗಳು ಬೆಟ್ಟದ ಮೇಲಿನ ಕುಮಾರಸ್ವಾಮಿ ದೇವರ ಹೆಸರಿನ ಇನಾಂ. ದಾಖಲೆಯಲ್ಲಿ ದೇವರು, ನೇಗಿಲ ಹಿಂದೆ ಗೇಣಿದಾರ. 1973ರಲ್ಲಿ ಸಮಾಜವಾದಿಗಳು ಇಲ್ಲಿ ಸತ್ಯಾಗ್ರಹ ಮಾಡಿದರು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದವರು ಅದೇ ರಾಜಮನೆತನದ ಎಂ.ವೈ. ಘೋರ್ಪಡೆ. ಭೂಸುಧಾರಣೆ ತಂದ ದೇವರಾಜ ಅರಸು ಸರ್ಕಾರದಲ್ಲೇ ಈ ಇಕ್ಕಟ್ಟು, ನೋಡಿ. ಕೊನೆಗೆ 1976ರಲ್ಲಿ ಸಂಡೂರು ಪ್ರದೇಶಕ್ಕೆಂದೇ ಪ್ರತ್ಯೇಕ ಇನಾಂ ರದ್ದಿಯಾತಿ ಕಾಯ್ದೆ ಬಂತು. ಒಂದು ತಾಲ್ಲೂಕಿನ ಹೆಸರು ಹೊತ್ತ ಭೂಕಾನೂನು!

ಹಾಗಾಗಿ ಇಲ್ಲಿ ಹಕ್ಕಿನ ಬೇರು ಪಹಣಿಯಲ್ಲಿಲ್ಲ, ಅದರ ಹಿಂದಿರುವ ಆದೇಶದಲ್ಲಿದೆ. ಪಹಣಿ ಅನ್ನೋದು ಮೂಲತಃ ಕಂದಾಯದ ಲೆಕ್ಕ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳೋದೇನು? ಅದರಲ್ಲಿನ ನಮೂದು ನಿಜ ಅಂತ ಭಾವಿಸಬೇಕು, ಆದರೆ ಅದು ಸುಳ್ಳು ಅಂತ ಸಾಬೀತಾಗುವ ತನಕ ಮಾತ್ರ. 9ನೇ ಕಾಲಂನಲ್ಲಿ ಹೆಸರು ನೋಡಿ ಖುಷಿಪಟ್ಟು ಮಡಚಿ ಇಡಬೇಡಿ. 11ನೇ ಕಾಲಂ ಓದಿ. ಬ್ಯಾಂಕ್ ಸಾಲ, ಕೋರ್ಟ್ ತಡೆ, ಪರಭಾರೆ ನಿಷೇಧ ಇತ್ಯಾದಿ ಇದ್ದರೆ ಅಲ್ಲಿ ನಮೂದಾಗಿರಬೇಕು. ಪಹಣಿಗೆ ಆ ಹೆಸರು ಯಾವ ಮ್ಯುಟೇಷನ್‌ನಿಂದ ಬಂತು, ಆ ಮ್ಯುಟೇಷನ್‌ಗೆ ಆಧಾರವೇನು ಅಂತ ಹಿಂದಕ್ಕೆ ಹೋಗಿ. ಕ್ರಯಪತ್ರವೋ, ಪಾಲುಪಟ್ಟಿಯೋ, ಮಂಜೂರಾತಿಯೋ?

ಮಂಜೂರಾತಿ ಅಂತಾದರೆ ಕಿವಿ ನೆಟ್ಟಗಾಗಲಿ. ಭೂಸುಧಾರಣಾ ಕಾಯ್ದೆಯಲ್ಲಿ ಭೂನ್ಯಾಯ ಮಂಡಳಿಯಿಂದ ಬಂದ ಜಮೀನಿಗೆ, ಆದೇಶವಾದ ದಿನದಿಂದ 15 ವರ್ಷ ಮಾರುವಂತಿಲ್ಲ ಅಂತ 61ನೇ ಕಲಂ ಕಟ್ಟು ಹಾಕಿತ್ತು. ಪಡೆದವರು ಪರಿಶಿಷ್ಟ ಜಾತಿ, ಪಂಗಡದವರಾದರೆ 1978ರ ಪಿಟಿಸಿಎಲ್ ಕಾಯ್ದೆ ಎದುರಾಗುತ್ತೆ. ಆ ಕಾಯ್ದೆಯ ‘ಮಂಜೂರಾದ ಜಮೀನು’ ಅನ್ನೋ ವ್ಯಾಖ್ಯೆಯಲ್ಲಿ ಇನಾಂ ರದ್ದಿಯಾತಿ ಕಾನೂನಿನಡಿ ಸಿಕ್ಕ ಜಮೀನಿನ ಮಾತೂ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ಜಮೀನು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ವಾಪಸ್ ಹೋಗುತ್ತೆ, ಕೊಂಡವರ ದುಡ್ಡಿಗೆ ಯಾರೂ ದಿಕ್ಕಿಲ್ಲ. ಹಳೇ ಮಾರಾಟ ಅಂತ ನಿರಾಳವಾಗೋ ಹಾಗೂ ಇಲ್ಲ. 2023ರ ತಿದ್ದುಪಡಿ ಅರ್ಜಿ ಹಾಕೋಕೆ ಕಾಲಮಿತಿಯೇ ಇಲ್ಲ ಅಂದಿದೆ. ನಿಮ್ಮ ಆದೇಶ ಯಾವ ಕಾಯ್ದೆಯದು, ಯಾವ ಷರತ್ತಿನದು ಅನ್ನೋದನ್ನು ಮಾತ್ರ ವಕೀಲರೊಬ್ಬರ ಕಣ್ಣಿಗೆ ಹಾಕಲೇಬೇಕು.

ಇನ್ನು ಹೆಣ್ಣುಮಕ್ಕಳು. ಹಿಂದೂ ಕುಟುಂಬದಲ್ಲಿ ತಂದೆ ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೂ ಪಾಲಿದೆ, ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ. ಅಣ್ಣತಮ್ಮಂದಿರು ಪೌತಿ ಖಾತೆ ಮಾಡಿಸಿಕೊಂಡ ಮಾತ್ರಕ್ಕೆ ಅಕ್ಕತಂಗಿಯರ ಹಕ್ಕು ಆವಿಯಾಗೋದಿಲ್ಲ. ಆಕೆಯ ಸಹಿ ಇಲ್ಲದ ಕ್ರಯಪತ್ರ ನಾಳೆ ಕೋರ್ಟ್ ಮೆಟ್ಟಿಲೇರುತ್ತೆ.

ಇಸಿ ಕ್ಲೀನ್ ಇದೆ ಅಂತ ಬ್ರೋಕರ್ ಹೇಳ್ತಾರಲ್ಲ, ಅದರಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು ಅದರಲ್ಲಿ ಇರಲ್ಲ. ಜಿಪಿಎ, ಅಗ್ರಿಮೆಂಟ್ ಹಿಡ್ಕೊಂಡು ಮಾಲೀಕ ಅನ್ನುವವರಿಗೆ ಸುಪ್ರೀಂ ಕೋರ್ಟ್ 2011ರಲ್ಲೇ ಉತ್ತರ ಕೊಟ್ಟಿದೆ: ನೋಂದಾಯಿತ ಕ್ರಯಪತ್ರವಿಲ್ಲದೆ ಮಾಲೀಕತ್ವ ವರ್ಗವಾಗೋದಿಲ್ಲ.

ಮಂಜೂರಾತಿ ಆದೇಶದ ಮೂಲ ಪ್ರತಿ ಮನೆಯ ಟ್ರಂಕಿನಲ್ಲಿ ಸಿಗದಿದ್ದರೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ದೃಢೀಕೃತ ನಕಲಿಗಾಗಿ ಅರ್ಜಿ ಹಾಕಿ. ಜೊತೆಗೆ ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿಗಳನ್ನೂ ಕೇಳಿ. ನಕಲು ಕೈಗೆ ಬರುವ ತನಕ ಅಡ್ವಾನ್ಸ್ ತಗೋಬೇಡಿ, ಕೊಡಲೂ ಬೇಡಿ.