ಎಸಳುಗಳೊಳಗಿನ ಗಡಿಯಾರ

ಜಪಾನಿನ ಹಳೆಯ ಕ್ಯಾಮೆರಾಗಳ ಮಾತು ಬಂದರೆ ಲೆನ್ಸಿಗೇ ಮೊದಲ ಮಣೆ. ಜುಯಿಕೊ, ರೊಕ್ಕೋರ್, ಹೆಕ್ಸರ್ ಎಂಬ ಹೆಸರುಗಳನ್ನು ಬಲ್ಲವರು ಬಾಯ್ತುಂಬ ಹೇಳುತ್ತಾರೆ. ಆ ಗಾಜಿನ ಸುತ್ತ ಬಳೆಯಂತೆ ಕೂತಿರುವ ಶಟರಿನ ಹೆಸರನ್ನು ಓದುವವರೇ ಕಡಿಮೆ. ಆದರೆ 1930ರಿಂದ 1950ರ ದಶಕದವರೆಗೆ ಬಂದ ಮಡಚುವ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ. ಒಳ್ಳೆಯ ಲೆನ್ಸ್ ಮಾಡುವ ವಿದ್ಯೆ ಜಪಾನೀಯರಿಗೆ ಬೇಗ ಒಲಿಯಿತು. ಚರ್ಮ, ತಗಡಿನ ಕೆಲಸವಂತೂ ಮೊದಲೇ ಗೊತ್ತಿತ್ತು. ಅವರು ಬಹುಕಾಲ ಜರ್ಮನಿಯ ಕಡೆ ಮುಖ ಮಾಡಿ ನಿಲ್ಲಬೇಕಾದದ್ದು ಶಟರಿಗಾಗಿ. ಆ ಗಂಟನ್ನು ಬಿಡಿಸುವುದರಲ್ಲಿ ದೊಡ್ಡ ಪಾಲು ಗಡಿಯಾರದ ಕಾರ್ಖಾನೆಗಳದು. ಈ ಶಟರುಗಳನ್ನು ‘ಜರ್ಮನ್ ಮಾಲಿನ ನಕಲು’ ಎಂದು ಬದಿಗಿಡುವುದು ರೂಢಿಯಾಗಿದೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಹೇಳದಿದ್ದರೆ ಆ ಕೆಲಸಗಾರರಿಗೆ ಅನ್ಯಾಯ ಮಾಡಿದಂತೆ.

ಮೊದಲು ಕೆಲಸದ ಕಷ್ಟ ಎಷ್ಟೆಂದು ನೋಡಬೇಕು. ಮಡಚುವ ಕ್ಯಾಮೆರಾದ ಮುಚ್ಚಳ ತೆರೆದರೆ ಹಾರ್ಮೋನಿಯಂ ತಿದಿಯಂಥ ಮಡಿಕೆಗಳ ಗೂಡು ಮುಂದೆ ಬಂದು ನಿಲ್ಲುತ್ತದೆ, ಅದರ ತುದಿಯಲ್ಲಿ ಲೆನ್ಸ್. ಮಡಚಿದಾಗ ಎಲ್ಲವೂ ಕೋಟಿನ ಜೇಬಿಗೆ ಹೋಗುವಷ್ಟು ಚಪ್ಪಟೆಯಾಗಬೇಕು. ಹಾಗಾಗಿ ಶಟರಿನ ಜಾಗ ಲೆನ್ಸಿನ ಗಾಜುಗಳ ನಡುವೆಯೇ. ಕಾಗದದಷ್ಟು ತೆಳುವಾದ ಉಕ್ಕಿನ ಎಸಳುಗಳು, ಒಳ್ಳೆಯ ಶಟರಿನಲ್ಲಿ ಸಾಮಾನ್ಯವಾಗಿ ಐದು, ಒಂದರ ಮೇಲೊಂದು ಹೊದ್ದು ಬೆಳಕನ್ನು ತಡೆದಿರುತ್ತವೆ. ಗುಂಡಿ ಒತ್ತಿದಾಗ ಹೂವಿನಂತೆ ನಡುವಿನಿಂದ ಅರಳಿ ಮತ್ತೆ ಮುಚ್ಚುತ್ತವೆ. 75 ಮಿ.ಮೀ. ಲೆನ್ಸ್, ಎಫ್ 3.5 ತೆರಪು ಎಂದರೆ ಸುಮಾರು 21 ಮಿ.ಮೀ. ಅಗಲದ ಬಾಯಿ, ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಸೆಕೆಂಡಿನ 1/500 ಭಾಗಕ್ಕೆ ಇಟ್ಟರೆ ಆ ಬಾಯಿ ಪೂರ್ತಿ ತೆರೆದು, ಎಸಳುಗಳು ಓಡುತ್ತಿರುವಲ್ಲೇ ನಿಂತು, ದಿಕ್ಕು ತಿರುಗಿಸಿ, ಮತ್ತೆ ಮುಚ್ಚಬೇಕು. ಇದಕ್ಕೆಲ್ಲ ಸಿಗುವುದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು. ಅದೇ ಯಂತ್ರ ಇನ್ನೊಂದು ಗಳಿಗೆಯಲ್ಲಿ ಪೂರಾ ಒಂದು ಸೆಕೆಂಡು ಬಾಯಿ ತೆರೆದುಕೊಂಡು ಕಾಯಬೇಕು. ಬ್ಯಾಟರಿ ಇಲ್ಲ, ಇರುವುದು ಸ್ಪ್ರಿಂಗ್ ಮತ್ತು ಹಲ್ಲಿನ ಚಕ್ರ.

ಈ ಕಾಯುವ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮ. ಮ್ಯೂನಿಕ್ಕಿನ ಫ್ರೀಡ್ರಿಷ್ ಡೆಕೆಲ್ ಕಂಪನಿಯ ಹಳೆಯ ಶಟರ್ ‘ಕಾಂಪೌಂಡ್’ ಪುಟ್ಟ ಕೊಳವೆಯೊಳಗಿನ ಗಾಳಿಯನ್ನು ತಡೆಯಾಗಿ ಬಳಸುತ್ತಿತ್ತು. ಕೊಳವೆಗೆ ಧೂಳು ಸೇರಿದರೆ, ಎಣ್ಣೆ ಅಂಟಿದರೆ ಲೆಕ್ಕ ತಪ್ಪುತ್ತಿತ್ತು. 1912ರಲ್ಲಿ ಬಂದ ‘ಕಾಂಪುರ್’ ಗಾಳಿಯನ್ನು ಬಿಟ್ಟು ಗಡಿಯಾರದ ಚಕ್ರಮಾಲೆಯನ್ನು ಹಿಡಿಯಿತು. ಹೆಸರಿನಲ್ಲೇ ಗುಟ್ಟಿದೆ: ಕಾಂಪೌಂಡ್ ಜೊತೆಗೆ ಗಡಿಯಾರಕ್ಕಿರುವ ಜರ್ಮನ್ ಪದ ‘ಊರ್’ ಸೇರಿ ಕಾಂಪುರ್ ಆಯಿತು. ಈ ಬಗೆಯ ಶಟರಿನ ಮುಂದಿನ ತಗಡು ಬಿಚ್ಚಿ ನೋಡಿದರೆ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಒಂದರ ಹಲ್ಲಿಗೆ ಒಂದು ಸಿಕ್ಕಿಕೊಂಡ ಚಕ್ರಗಳು, ಕೊನೆಯಲ್ಲಿ ನಕ್ಷತ್ರದಂಥ ಚಕ್ರ, ಅದರ ಮೇಲೆ ಅತ್ತಿತ್ತ ತೂಗುವ ಪುಟ್ಟ ಲಂಗರು ಕಾಣುತ್ತವೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ‘ಝರ್ರ್’ ಎಂದು ಕೇಳುವ ಸದ್ದು ಆ ಲಂಗರಿನದು. ಸ್ಪ್ರಿಂಗಿನ ಬಲದಿಂದ ತಿರುಗುವ ಮುಖ್ಯ ಬಳೆ ಈ ಚಕ್ರಮಾಲೆಯ ಸನ್ನೆಗೆ ಬಡಿದು ಅದನ್ನು ತಳ್ಳುತ್ತಾ ನಿಧಾನವಾಗುತ್ತದೆ. ಸನ್ನೆ ದಾರಿ ಬಿಟ್ಟ ಮೇಲೆ ಬಳೆ ಮುಂದೆ ಜಾರಿ ಎಸಳುಗಳನ್ನು ಮುಚ್ಚುತ್ತದೆ. ನಡುವಿನ ವೇಗಗಳಲ್ಲಿ ಲಂಗರು ಪಕ್ಕಕ್ಕೆ ಸರಿದು ಚಕ್ರಗಳ ಭಾರವಷ್ಟೇ ತಡೆಯಾಗುತ್ತದೆ. ಅತಿ ವೇಗದಲ್ಲಿ ಚಕ್ರಮಾಲೆಯೇ ದೂರ ನಿಲ್ಲುತ್ತದೆ.

ಈಗ ಜಪಾನಿಗೆ ಬರೋಣ. ಮುಂದೆ ಮಿನೋಲ್ಟಾ ಆದ ಕಂಪನಿಯನ್ನು ಕಜುವೊ ತಾಶಿಮಾ 1928ರಲ್ಲಿ ಕಟ್ಟಿದರು. ಇಬ್ಬರು ಜರ್ಮನ್ನರು ಜೊತೆಗಿದ್ದರು, ಕಂಪನಿಯ ಹೆಸರಿನಲ್ಲೇ ‘ಜಪಾನ್-ಜರ್ಮನಿ’ ಎಂದಿತ್ತು. ಅವರ ಮೊದಲ ಕ್ಯಾಮೆರಾ, 1929ರ ನಿಫ್ಕಾಲೆಟ್, ಮಡಚುವ ಬಗೆಯದು. ಲೆನ್ಸ್ ಮತ್ತು ಶಟರ್ ಎರಡೂ ಜರ್ಮನಿಯವು. ಮುಂದೆ ಒಲಿಂಪಸ್ ಆದ ತಕಚಿಹೊ ಕಂಪನಿಯ ಕಥೆ ಇನ್ನೂ ಸ್ಪಷ್ಟ. 1936ರಲ್ಲಿ ಅದು ತಂದ ಮೊದಲ ಕ್ಯಾಮೆರಾ ಸೆಮಿ-ಒಲಿಂಪಸ್‌ನಲ್ಲಿ ಜುಯಿಕೊ ಲೆನ್ಸ್ ಸ್ವಂತದ್ದು, ಆದರೆ ಶಟರ್ ಹೊರಗಿನದು. ಸೂಕ್ಷ್ಮದರ್ಶಕ ಮಾಡಿ ಪಳಗಿದ ಕೈಗೆ ಗಾಜು ಒಲಿದಿತ್ತು, ಸೆಕೆಂಡಿನ ತುಂಡುಗಳನ್ನು ಅಳೆಯುವ ಯಂತ್ರ ಇನ್ನೂ ಒಲಿದಿರಲಿಲ್ಲ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಚಿತ್ರ ಬದಲಾಯಿತು. ತಕಚಿಹೊ ‘ಕೊಹೊ’ ಎಂಬ ತನ್ನದೇ ಶಟರ್ ಮಾಡಿತು. ಮಿನೋಲ್ಟಾ ಕ್ಯಾಮೆರಾಗಳ ಮೇಲೆ ‘ಕ್ರೌನ್’ ಬಂತು. ಕೊನಿಶಿರೊಕು ಎಂಬ ಇನ್ನೊಂದು ಕಂಪನಿ ತನ್ನ 1938ರ ಕ್ಯಾಮೆರಾ ಸೆಮಿ ಪರ್ಲ್‌ಗೆ ‘ಡ್ಯೂರಾಕ್ಸ್’ ಕೂರಿಸಿತು. ಇವುಗಳೊಂದಿಗೆ ಎದ್ದುನಿಂತ ಹೆಸರು ‘ಸೆಯ್ಕೊಶಾ’. ಕಿಂತಾರೊ ಹತ್ತೋರಿ 1892ರಲ್ಲಿ ಟೋಕಿಯೊದಲ್ಲಿ ಗೋಡೆ ಗಡಿಯಾರಕ್ಕಾಗಿ ತೆರೆದ ಕಾರ್ಖಾನೆ ಅದು. 1913ರಲ್ಲಿ ಕೈಗಡಿಯಾರ ಮಾಡಿತು, 1923ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಎದ್ದಿತು. 1930ರ ದಶಕದ ನಡುವಿನ ಹೊತ್ತಿಗೆ ಅದು ಶಟರಿಗೆ ಕೈ ಹಾಕಿತು. ಪುಟ್ಟ ಚಕ್ರಗಳ ಹಲ್ಲು ಕೊರೆಯುವುದು, ಸ್ಪ್ರಿಂಗಿಗೆ ಸರಿಯಾದ ಹದ ಕೊಡುವುದು ಅಲ್ಲಿ ಎರಡು ತಲೆಮಾರಿನ ನಿತ್ಯದ ಕೆಲಸವಾಗಿತ್ತು.

ನಕಲಲ್ಲವೇ ಎಂಬ ಆಕ್ಷೇಪಕ್ಕೆ ಆಧಾರವಿದೆ. ಸೆಯ್ಕೊಶಾದ ಮುಖ, ಸನ್ನೆಗಳ ಜಾಗ, ಒಳಗಿನ ಜೋಡಣೆ ಎಲ್ಲವೂ ಕಾಂಪುರನ್ನು ನೆನಪಿಸುತ್ತವೆ. ಪಕ್ಕಪಕ್ಕದಲ್ಲಿ ಇಟ್ಟರೆ ಹೆಸರು ಓದದೆ ಗುರುತಿಸುವುದು ಕಷ್ಟ. ಇದನ್ನು ಅಲ್ಲಗಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಕಾಂಪುರ್ ಮೈಯನ್ನು ಬಿಚ್ಚಿ ಅಳತೆ ತೆಗೆದುಕೊಂಡರೆ ಸಿಗುವುದು ಆಕಾರ ಮಾತ್ರ. ಯಾವ ಉಕ್ಕು, ಎಷ್ಟು ಕಾಯಿಸಿ ಎಷ್ಟು ತಣಿಸಿದ್ದು, ಹತ್ತು ಸಾವಿರ ಸಲ ಬಡಿದರೂ ಬಾಗದ ಎಸಳಿಗೆ ಯಾವ ಹದ ಎಂಬುದನ್ನು ಬಿಚ್ಚಿಟ್ಟ ಯಂತ್ರ ಹೇಳುವುದಿಲ್ಲ. ಅದನ್ನು ಪ್ರತಿ ಕಾರ್ಖಾನೆಯೂ ತಾನೇ ಕಲಿಯಬೇಕು. ನಕಲಷ್ಟೇ ಸಾಕಾಗಿದ್ದರೆ ಆ ಕಾಲದ ಎಲ್ಲ ಜಪಾನಿ ಶಟರುಗಳೂ ಒಂದೇ ಗುಣದವಾಗಿರಬೇಕಿತ್ತು. ಹಾಗಿಲ್ಲ. 25, 50, 100 ಎಂಬ ಮೂರೇ ವೇಗಗಳ, ನಿಧಾನದ ಚಕ್ರಮಾಲೆಯೇ ಇಲ್ಲದ ಅಗ್ಗದ ಶಟರುಗಳು ಮಾರುಕಟ್ಟೆಯಲ್ಲಿ ತುಂಬಿದ್ದವು. ಅವುಗಳಲ್ಲಿ ಎಷ್ಟೋ ದುರ್ಬಲ, ಅವುಗಳ ಪರ ವಾದಿಸಲಾರೆ. ಒಂದೇ ಮಾದರಿ ಎದುರಿಗಿದ್ದರೂ ಕೆಲವರಿಗೆ ಮಾತ್ರ ಒಂದು ಸೆಕೆಂಡಿನಿಂದ 1/500ರವರೆಗೆ ನಂಬಿಕೆಯಿಂದ ನಡೆಯುವ ಯಂತ್ರ ಸಾಧ್ಯವಾಯಿತು. ಆ ಅಂತರ ಹುಟ್ಟಿದ್ದು ಕೆಲಸಗಾರರ ಕೈಯಲ್ಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 1937ರಲ್ಲಿ ಚೀನಾದ ಮೇಲೆ ಯುದ್ಧ ಶುರುವಾದಾಗ ಜಪಾನ್ ಸರ್ಕಾರ ಆಮದಿನ ಮೇಲೆ ಬಿಗಿ ಹಿಡಿತ ಹಾಕಿತು. ಜರ್ಮನ್ ಶಟರ್ ಸಿಗದೆ ಹೋದದ್ದರಿಂದ ದೇಶಿ ಶಟರಿಗೆ ಬೆಲೆ ಬಂತು, ಕೌಶಲದಿಂದಲ್ಲ ಎನ್ನಬಹುದು. ಬಾಗಿಲು ಮುಚ್ಚಿದ್ದರಿಂದ ಬೇಡಿಕೆ ಹೆಚ್ಚಿತು ಎಂಬುದು ನಿಜ. ಆದರೆ ಸೆಯ್ಕೊಶಾ ಆ ಹೊತ್ತಿಗಾಗಲೇ ಕೆಲಸ ಶುರುಮಾಡಿತ್ತು. ತಾಶಿಮಾ ಅವರೊಂದಿಗಿದ್ದ ಜರ್ಮನ್ನರು, ನೊಯ್ಮನ್ ಮತ್ತು ಹೈಲೆಮನ್, ಬೇರೆಯಾಗಿ ಜಪಾನಿನಲ್ಲೇ ಶಟರ್ ಮಾಡಿ ಇತರ ಕ್ಯಾಮೆರಾ ತಯಾರಕರಿಗೆ ಮಾರುತ್ತಿದ್ದರು. ಯುದ್ಧ ಮುಗಿದ ಮೇಲೆ ನಡೆದದ್ದು ಇನ್ನೂ ಮುಖ್ಯ. ಬರೀ ಆಮದಿನ ತಡೆಯಿಂದ ಬದುಕಿದ ಉದ್ಯಮ ಹೊರದೇಶದ ಗಿರಾಕಿಯ ಎದುರು ನಿಲ್ಲಲಾರದು. ಇವು ನಿಂತವು.

1940ರಲ್ಲಿ ಹುಟ್ಟಿದ ಮಾಮಿಯಾ ಸಿಕ್ಸ್ ಎಂಬ ಮಡಚುವ ಕ್ಯಾಮೆರಾ, ಲೆನ್ಸಿನ ಬದಲು ಫಿಲ್ಮನ್ನೇ ಹಿಂದೆ ಮುಂದೆ ಸರಿಸಿ ಫೋಕಸ್ ಮಾಡುವ ಜಾಣ ಯಂತ್ರ, ಯುದ್ಧಾನಂತರ ಸೆಯ್ಕೊಶಾ ಶಟರ್ ಹೊತ್ತು ಬಂತು. ಒಂದು ಕಾಲದಲ್ಲಿ ತನ್ನದೇ ಕ್ರೌನ್ ಹಾಕುತ್ತಿದ್ದ ಮಿನೋಲ್ಟಾ ಕೂಡ 1955ರಲ್ಲಿ ಶುರುವಾದ ಆಟೊಕಾರ್ಡ್ ಸಾಲಿನಲ್ಲಿ ಸೆಯ್ಕೊಶಾ ಮತ್ತು ಸಿಟಿಜನ್ ಶಟರುಗಳನ್ನು ಕೊಂಡು ಹಾಕಿತು. ಈ ಸಿಟಿಜನ್ ನಮಗೆ ದೂರದ ಹೆಸರಲ್ಲ: 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಶುರುವಾದದ್ದು ಇದೇ ಕಂಪನಿಯ ಸಹಯೋಗದಲ್ಲಿ. ಶಟರ್ ಅಂಗಡಿಯ ಮಾಲಾಗಿ ಸಿಗತೊಡಗಿದ್ದರ ಇನ್ನೊಂದು ಫಲವೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೈ ಮಾತ್ರ ಮಾಡಬಲ್ಲ ಸಣ್ಣ ಕಾರ್ಖಾನೆ ಕೂಡ ಲೆನ್ಸನ್ನು ಒಬ್ಬರಿಂದ, ಶಟರನ್ನು ಇನ್ನೊಬ್ಬರಿಂದ ಕೊಂಡು ಕ್ಯಾಮೆರಾ ಮಾರಬಹುದಾಯಿತು. ಯುದ್ಧಾನಂತರದ ಜಪಾನಿನಲ್ಲಿ ಅಷ್ಟೊಂದು ಕ್ಯಾಮೆರಾ ಹೆಸರುಗಳು ಒಮ್ಮೆಲೇ ಹುಟ್ಟಿದ್ದಕ್ಕೆ ಇದೂ ಕಾರಣ ಎಂಬುದು ನನ್ನ ಎಣಿಕೆ. ಮನೆಮಂದಿಯ ಫೋಟೊ ತೆಗೆದದ್ದು ಹೆಚ್ಚಾಗಿ ಇಂಥ ಕ್ಯಾಮೆರಾಗಳೇ.

ಇಂದು ಕೈಗೆ ಸಿಗುವ ಹಳೆಯ ಸೆಯ್ಕೊಶಾ ಅಂಟಿಕೊಂಡಿರುತ್ತದೆ, ಒಂದು ಸೆಕೆಂಡಿಗೆ ಇಟ್ಟರೆ ತೆರೆದ ಬಾಯಿ ಮುಚ್ಚುವುದೇ ಇಲ್ಲ ಎನ್ನುವವರಿದ್ದಾರೆ. ಅದೇ ವಯಸ್ಸಿನ ಕಾಂಪುರಿಗೂ ಅದೇ ರೋಗ. ಸಾಮಾನ್ಯವಾಗಿ ತಪ್ಪು ಲೋಹದ್ದಲ್ಲ, ಎಪ್ಪತ್ತು ಎಂಬತ್ತು ವರ್ಷಕ್ಕೆ ಅಂಟಾದ ಗ್ರೀಸಿನದು. ರಿಪೇರಿ ಬಲ್ಲವರು ಲೈಟರಿಗೆ ಹಾಕುವಂಥ ತಿಳಿ ದ್ರವದಲ್ಲಿ ತೊಳೆದು, ಎಸಳುಗಳಿಗೆ ಹನಿ ಎಣ್ಣೆಯನ್ನೂ ಸೋಕಿಸದೆ ಜೋಡಿಸಿದರೆ ಹೆಚ್ಚಿನವು ಮತ್ತೆ ನಡೆಯುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: 1/500ರ ವೇಗಕ್ಕೆ ಒಳಗೆ ಬೇರೆಯೇ ಬಿಗಿ ಸ್ಪ್ರಿಂಗ್ ಇರುವ ಶಟರುಗಳಲ್ಲಿ ಆ ವೇಗವನ್ನು ಸ್ಪ್ರಿಂಗ್ ಬಿಗಿಯುವ ಸನ್ನೆ ಎಳೆಯುವ ಮೊದಲೇ ಇಟ್ಟುಕೊಳ್ಳಬೇಕು, ಎಳೆದ ಮೇಲೆ ವೇಗದ ಬಳೆಯನ್ನು ಒತ್ತಾಯದಿಂದ ತಿರುಗಿಸಿದರೆ ಮುರಿಯುವುದು ಯಂತ್ರ.

ನಕಲಿನ ವಾದಕ್ಕೆ ಕೊನೆಯ ಉತ್ತರ ದೊಡ್ಡ ಸ್ಟುಡಿಯೊ ಕ್ಯಾಮೆರಾಗಳಲ್ಲಿದೆ. ಯುದ್ಧಾನಂತರ ಹುಟ್ಟಿದ ಜಪಾನಿನ ಕೊಪಾಲ್ ಕಂಪನಿ 1966ರ ಯಾಶಿಕಾ ಎಲೆಕ್ಟ್ರೊ 35ಕ್ಕೆ ವಿದ್ಯುನ್ಮಾನದಿಂದ ನಡೆಯುವ ಎಸಳು ಶಟರ್ ಕೊಟ್ಟಿತು. ಜರ್ಮನ್ ಮಾದರಿಯ ನೆರಳನ್ನು ದಾಟಿದ ಯಂತ್ರ ಅದು. ಜೊತೆಗೆ ಹಳೆಯ ಯಾಂತ್ರಿಕ ಶಟರುಗಳನ್ನೂ ಬಿಡದೆ ಮಾಡುತ್ತಾ ಹೋಯಿತು. ದೊಡ್ಡ ಫಿಲ್ಮಿನ ಲೆನ್ಸುಗಳಿಗೆ ಹೊಸ ಕಾಂಪುರ್ ಬರುವುದು ನಿಂತ ಮೇಲೆ, ಜರ್ಮನಿಯ ಶ್ನೈಡರ್ ಮತ್ತು ರೋಡೆನ್‌ಸ್ಟಾಕ್ ತಮ್ಮ ಲೆನ್ಸುಗಳನ್ನು ಕೊಪಾಲ್ ಶಟರಿನಲ್ಲಿ ಕೂರಿಸಿ ಮಾರಿದವು. ಆ ಲೆನ್ಸಿನ ಅಂಚಿನ ಮೇಲೆ ಜರ್ಮನಿಯ ಹೆಸರು, ಅದನ್ನು ಹಿಡಿದ ಕಪ್ಪು ಬಳೆಯ ಮೇಲೆ ‘ಕೊಪಾಲ್’.