ಗಣಿಯೂರಿಗೆ ಗುರುತಿನ ಹಡಗು: ಚಾಪ್ಲಿನ್‌ನ ‘ದಿ ಇಮಿಗ್ರಂಟ್’ ಮನೆಮನೆಗೆ ಬಂದ ಬಗೆ

1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಳಿ ಬಿತ್ತು. ಬೌರಿಂಗ್‌ಪೇಟೆ ಎಂದರೆ ಇಂದಿನ ಬಂಗಾರಪೇಟೆ. ಅಲ್ಲಿಂದ ಕವಲೊಡೆದ ಆ ಹದಿನಾರು ಕಿಲೋಮೀಟರ್ ಹಾದಿಯಲ್ಲಿ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಹೊರಟ ಸಾವಿರಾರು ಸಂಸಾರಗಳು ಗಂಟುಮೂಟೆ ಸಮೇತ ಚಿನ್ನದ ಗಣಿಗೆ ಬಂದಿಳಿದವು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ, ಇಟಲಿಯಿಂದ ಬಂದ ಗಣಿಗಾರರೂ ಇದ್ದರು. ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳುವ ಊರಾಯಿತು ಕೋಲಾರದ ಗಣಿ, ಅಂದರೆ ಕೆಜಿಎಫ್. ಬಂದವರನ್ನು ಎಣಿಸುವುದು, ನಂಬರು ಕೊಡುವುದು, ಪಾಳಿ ಮುಗಿಸಿ ಹೊರಟರೆ ಮೈ ತಡವಿ ನೋಡುವುದು ಅಲ್ಲಿನ ದಿನಚರಿಯಾಗಿತ್ತು. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಎಂದಾಗ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು.

ಈ ಊರಿನವರು ಒಮ್ಮೆಯಾದರೂ ನೋಡಬೇಕಾದ ಸಿನಿಮಾ ಒಂದಿದೆ. ಅರ್ಧ ಗಂಟೆಯೂ ಇಲ್ಲ, ಮಾತೂ ಇಲ್ಲ. ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೊರಟ ಬಡವರು ಹಡಗಿನ ಅಟ್ಟದ ಮೇಲೆ ಒತ್ತೊತ್ತಾಗಿ ಕುಳಿತಿದ್ದಾರೆ. ದೂರದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣುತ್ತದೆ, ಎಲ್ಲರ ಮುಖ ಅತ್ತ ತಿರುಗುತ್ತದೆ. ಮರುಕ್ಷಣ ಅಧಿಕಾರಿಗಳು ಬಂದು ಹಗ್ಗ ಎಳೆದು, ದನ ತಡೆಯುವಂತೆ ಅವರನ್ನು ಒಂದೆಡೆ ಒತ್ತರಿಸುತ್ತಾರೆ. ಚಾರ್ಲಿ ಚಾಪ್ಲಿನ್ ಬರೆದು, ನಿರ್ದೇಶಿಸಿ, ನಟಿಸಿದ ‘ದಿ ಇಮಿಗ್ರಂಟ್’ ಇದು. ಬಿಡುಗಡೆಯಾದದ್ದು 1917ರ ಜೂನ್ 17ರಂದು. ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೂ ನಾವು ಇದನ್ನು ಮನೆಯಲ್ಲಿ ಕೂತು ನೋಡಬಹುದು. ಅದು ತಾನಾಗಿ ಆದದ್ದಲ್ಲ. ಎಸೆಯಬೇಕಾದ್ದನ್ನು ಎಸೆಯದೆ ಇಟ್ಟುಕೊಂಡವರೂ, ಮನೆಬಳಕೆಗೆಂದು ಪ್ರತಿ ತೆಗೆದು ಮಾರಿದವರೂ ಇದ್ದುದರಿಂದ ಆದದ್ದು.

ಮೊದಲು ತಯಾರಿಕೆಯ ಕಥೆ. 1916ರ ಫೆಬ್ರವರಿಯಲ್ಲಿ ಮ್ಯೂಚುಯಲ್ ಎಂಬ ಕಂಪನಿ ಚಾಪ್ಲಿನ್ ಜೊತೆ ಕರಾರು ಮಾಡಿಕೊಂಡಿತು. ವಾರಕ್ಕೆ 10,000 ಡಾಲರ್ ಸಂಬಳ, ಸಹಿ ಹಾಕಿದ್ದಕ್ಕೆ 1,50,000 ಡಾಲರ್ ಪ್ರತ್ಯೇಕ. ಒಪ್ಪಿಕೊಂಡದ್ದು ಎರಡೆರಡು ರೀಲಿನ ಹನ್ನೆರಡು ಚಿತ್ರಗಳು. ‘ದಿ ಇಮಿಗ್ರಂಟ್’ ಅದರಲ್ಲಿ ಹನ್ನೊಂದನೆಯದು. ಆಗ ಚಾಪ್ಲಿನ್‌ಗೆ ಇಪ್ಪತ್ತೆಂಟು ವರ್ಷ. ಲಂಡನ್ನಿನ ಬಡತನದಲ್ಲಿ ಬೆಳೆದು, ಫ್ರೆಡ್ ಕಾರ್ನೋನ ನಾಟಕ ತಂಡದ ಜೊತೆ ಅಟ್ಲಾಂಟಿಕ್ ದಾಟಿ ಬಂದಿದ್ದ ಆತನೂ ವಲಸಿಗನೇ.

ಆದರೆ ಚಿತ್ರ ಶುರುವಾದಾಗ ಅದರಲ್ಲಿ ಹಡಗೂ ಇರಲಿಲ್ಲ, ವಲಸೆಯೂ ಇರಲಿಲ್ಲ. ಬರೆದಿಟ್ಟ ಚಿತ್ರಕಥೆ ಎಂಬುದು ಆ ದಿನಗಳಲ್ಲಿ ಚಾಪ್ಲಿನ್‌ಗೆ ಇರುತ್ತಿರಲಿಲ್ಲ. ಒಂದು ಹೋಟೆಲಿನ ಸೆಟ್ ಹಾಕಿಸಿ, ಕ್ಯಾಮೆರಾ ಓಡಿಸುತ್ತಲೇ ಕಥೆ ಹುಡುಕುತ್ತಿದ್ದ. ಕೈಯಲ್ಲಿ ಕಾಸಿಲ್ಲದವನೊಬ್ಬ ಹೋಟೆಲಿಗೆ ಬಂದು ಹುರುಳಿಕಾಯಿ ಬೀಜ ತರಿಸಿಕೊಂಡು ತಿನ್ನುತ್ತಾನೆ. ಅಲ್ಲಿ ಒಬ್ಬ ಹುಡುಗಿ ಸಿಗುತ್ತಾಳೆ. ಅವಳ ಪಾತ್ರ ಎಡ್ನಾ ಪರ್ವಿಯೆನ್ಸ್‌ದು. ಟೇಕ್ ಮೇಲೆ ಟೇಕ್ ಆಗಿ ಅದೇ ತಿಂಡಿಯನ್ನು ತಿಂದೂ ತಿಂದೂ ಆಕೆಗೆ ಹೊಟ್ಟೆ ಕೆಟ್ಟಿತಂತೆ. ಮೊದಲು ಸರ್ವರ್ ಪಾತ್ರ ಮಾಡಿದ್ದವನು ಹೆನ್ರಿ ಬರ್ಗ್‌ಮನ್. ಎಷ್ಟು ತೆಗೆದರೂ ದೃಶ್ಯ ಏಳಲಿಲ್ಲ. ಅವನನ್ನು ನೋಡಿದರೆ ಭಯವೇ ಹುಟ್ಟುವುದಿಲ್ಲ ಎಂಬುದು ಚಾಪ್ಲಿನ್‌ಗೆ ಹೊಳೆಯಿತು. ಪರ್ವತದಂಥ ಆಳು ಎರಿಕ್ ಕ್ಯಾಂಪ್‌ಬೆಲ್‌ಗೆ ಆ ಪಾತ್ರ ಕೊಟ್ಟು, ದಪ್ಪ ಹುಬ್ಬು ಅಂಟಿಸಿ, ಅಷ್ಟನ್ನೂ ಮತ್ತೆ ತೆಗೆದ. ಒಡನೆಯೇ ದೃಶ್ಯಕ್ಕೆ ಜೀವ ಬಂತು. ಬರ್ಗ್‌ಮನ್‌ಗೆ ಚಿತ್ರಕಾರನ ಪಾತ್ರ ಸಿಕ್ಕಿತು.

ಈ ಹುಡುಗಿಗೂ ಆ ಕಾಸಿಲ್ಲದವನಿಗೂ ಮೊದಲೇ ಪರಿಚಯ ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಹಡಗು. ಅಂದರೆ ನಾವು ಮೊದಲು ನೋಡುವ ಅರ್ಧ ಭಾಗ ಚಿತ್ರೀಕರಣವಾದದ್ದು ಆಮೇಲೆ. ಒಂದಷ್ಟು ಭಾಗವನ್ನು ನಿಜವಾದ ಹಡಗಿನ ಮೇಲೆಯೇ ತೆಗೆದರು. ಹಡಗಿನ ಊಟದ ಕೋಣೆಯನ್ನು ಮಾತ್ರ ಸ್ಟುಡಿಯೊದಲ್ಲಿ ಕಟ್ಟಿ, ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುವಂತೆ ಮಾಡಿದರು. ಕ್ಯಾಮೆರಾದ ಸ್ಟ್ಯಾಂಡಿಗೆ ಭಾರದ ಲೋಲಕ ಕಟ್ಟಿ ಅದನ್ನೂ ತೂಗಾಡಿಸಿದರು. ಒಂದೇ ತಟ್ಟೆ ಮೇಜಿನ ಈ ತುದಿಯಿಂದ ಆ ತುದಿಗೆ ಜಾರುತ್ತ, ಎದುರುಬದುರು ಕೂತ ಇಬ್ಬರಿಗೂ ಸರದಿಯಂತೆ ಒಂದೊಂದು ತುತ್ತು ಸಿಗುವ ತಮಾಷೆ ಅಲ್ಲಿಯದು.

ಹೋಟೆಲಿನ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಾರ್ಲಿಗೆ ಬೀದಿಯಲ್ಲಿ ಒಂದು ನಾಣ್ಯ ಸಿಕ್ಕಿರುತ್ತದೆ. ಜೇಬಿಗೆ ಹಾಕುತ್ತಾನೆ. ಜೇಬು ತೂತು, ನಾಣ್ಯ ಅಲ್ಲೇ ಬಿದ್ದುಹೋಗುತ್ತದೆ. ಗೊತ್ತಿಲ್ಲದೆ ಒಳಗೆ ಹೋಗಿ ತಿನ್ನಲು ಕೂರುತ್ತಾನೆ. ಪಕ್ಕದಲ್ಲಿ ಒಬ್ಬನಿಗೆ ಸರ್ವರುಗಳೆಲ್ಲ ಸೇರಿ ಹಿಗ್ಗಾಮುಗ್ಗಾ ಬಾರಿಸುತ್ತಿದ್ದಾರೆ. ಅವನ ಬಿಲ್ಲಿಗೆ ಹತ್ತು ಸೆಂಟ್ ಕಡಿಮೆ ಬಿದ್ದಿದೆ, ಅಷ್ಟೇ. ಚಾರ್ಲಿಯ ಕೈ ಮೆಲ್ಲಗೆ ಜೇಬಿಗೆ ಹೋಗುತ್ತದೆ. ಆಮೇಲೆ ಒಂದು ನಾಣ್ಯ ನೆಲಕ್ಕೆ ಬಿದ್ದದ್ದು ಕಂಡು ಅದರ ಮೇಲೆ ಕಾಲಿಡುತ್ತಾನೆ, ಹೇಗೋ ಎತ್ತಿ ಗತ್ತಿನಿಂದ ಕೊಡುತ್ತಾನೆ. ಸರ್ವರ್ ಹಲ್ಲಲ್ಲಿ ಕಚ್ಚಿದರೆ ನಾಣ್ಯ ಬಾಗುತ್ತದೆ: ಖೋಟಾ. ಕೊನೆಗೆ ಚಿತ್ರಕಾರ ತಾನು ದುಡ್ಡು ಕೊಡುತ್ತೇನೆಂದು ಮುಂದಾಗುತ್ತಾನೆ. ಮರ್ಯಾದೆಗೆಂದು ಚಾರ್ಲಿ ಬೇಡ ಬೇಡ ಎನ್ನುತ್ತಾನೆ, ಒಂದು ಸಲ ಹೆಚ್ಚಾಗಿಯೇ ಎನ್ನುತ್ತಾನೆ, ಅವನು ಸುಮ್ಮನಾಗಿಬಿಡುತ್ತಾನೆ. ಆ ಗಳಿಗೆಯಲ್ಲಿ ಚಾಪ್ಲಿನ್‌ನ ಮುಖ ನೋಡಬೇಕು. ಸಂಕೋಚಕ್ಕೆ ಬಿದ್ದು ಬಂದ ಉಪಕಾರವನ್ನು ಕಳೆದುಕೊಂಡ ಯಾರಿಗೂ ಅದನ್ನು ಯಾವ ಭಾಷೆಯಲ್ಲೂ ವಿವರಿಸಬೇಕಿಲ್ಲ.

ಇಷ್ಟಕ್ಕೆ ಖರ್ಚಾದ ಫಿಲ್ಮು ಸುಮಾರು 90,000 ಅಡಿ ಎಂದು ದಾಖಲಾಗಿದೆ. ಒಟ್ಟು ಓಡಿಸಿದರೆ ಇಪ್ಪತ್ತು ಗಂಟೆ ಆದೀತು. ಚಾಪ್ಲಿನ್ ನಾಲ್ಕು ಹಗಲು ನಾಲ್ಕು ರಾತ್ರಿ ಕೂತು ಕತ್ತರಿಸಿ ಅದನ್ನು ಸುಮಾರು 1,800 ಅಡಿಗೆ ಇಳಿಸಿದ. ಉಳಿದದ್ದೆಲ್ಲ ಕಸ. ಅದನ್ನು ಸುಟ್ಟುಬಿಡಬೇಕು ಎಂಬುದೇ ಚಾಪ್ಲಿನ್‌ನ ಇಚ್ಛೆಯಾಗಿತ್ತು.

ಕೆಜಿಎಫ್‌ನವರಿಗೆ ಸೈನೈಡ್ ಗುಡ್ಡಗಳನ್ನು ಪರಿಚಯಿಸಬೇಕಿಲ್ಲ. ಮಿಲ್ಲಿನಲ್ಲಿ ಅದಿರನ್ನು ಅರೆದು, ಚಿನ್ನ ತೆಗೆದು, ಇನ್ನೇನೂ ಇಲ್ಲವೆಂದು ಸುರಿದ ಪುಡಿಯೇ ಆ ದಿಬ್ಬಗಳು. ಮೂರು ಕೋಟಿ ಟನ್‌ಗೂ ಮೇಲೆ ಬಿದ್ದಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಆ ಪುಡಿಯಲ್ಲಿ ಇನ್ನೂ ಉಳಿದಿರುವ ಚಿನ್ನದ ಮಾತು ಮತ್ತೆ ಮತ್ತೆ ಏಳುತ್ತಲೇ ಇದೆ. ಚಾಪ್ಲಿನ್ ಕತ್ತರಿಸಿ ಬಿಟ್ಟ ರೀಲುಗಳದ್ದೂ ಅದೇ ಕಥೆ. ಅವು ಪೂರ್ತಿ ನಾಶವಾಗಲಿಲ್ಲ. ಬಹಳಷ್ಟು ರೀಲುಗಳು ಸಂಗ್ರಾಹಕರ ಕೈ ಸೇರಿ ಉಳಿದವು. ಬ್ರಿಟನ್ನಿನ ಕೆವಿನ್ ಬ್ರೌನ್ಲೋ ಮತ್ತು ಡೇವಿಡ್ ಗಿಲ್ ಅವನ್ನೆಲ್ಲ ನೋಡಿ, ಸ್ಲೇಟಿನ ಮೇಲೆ ಬರೆದಿದ್ದ ಟೇಕ್ ನಂಬರುಗಳ ಪ್ರಕಾರ ಸಾಲಾಗಿ ಜೋಡಿಸಿದರು. 1983ರಲ್ಲಿ ಥೇಮ್ಸ್ ಟೆಲಿವಿಷನ್‌ಗಾಗಿ ಮಾಡಿದ ‘ಅನ್‌ನೋನ್ ಚಾಪ್ಲಿನ್’ ಎಂಬ ಸಾಕ್ಷ್ಯಚಿತ್ರ ಹುಟ್ಟಿದ್ದು ಹೀಗೆ. ಸರ್ವರ್ ಬದಲಾದದ್ದು, ಹಡಗು ತಡವಾಗಿ ಬಂದದ್ದು ನಮಗೆ ತಿಳಿದದ್ದು ಈ ಕಸದಿಂದಲೇ. ಯಾರ ಆತ್ಮಕಥೆಯೂ ಇಷ್ಟು ಖಚಿತವಾಗಿ ಹೇಳಿರಲಿಲ್ಲ.

ಇನ್ನು ಚಿತ್ರ ಮನೆಗೆ ಬಂದ ದಾರಿ. ಥಿಯೇಟರಿನ 35 ಎಂಎಂ ಫಿಲ್ಮು ಆಗ ನೈಟ್ರೇಟ್‌ದು. ಬೆಂಕಿ ಹತ್ತಿದರೆ ನೀರಿನಲ್ಲೂ ಆರದ ಅದನ್ನು ಮನೆಯಲ್ಲಿ ಇಡುವ ಹಾಗಿರಲಿಲ್ಲ. 1922ರಲ್ಲಿ ಫ್ರಾನ್ಸಿನ ಪಾಥೆ ಕಂಪನಿ 9.5 ಎಂಎಂ ಅಗಲದ ಸುರಕ್ಷಿತ ಫಿಲ್ಮನ್ನೂ ಪುಟ್ಟ ಪ್ರೊಜೆಕ್ಟರನ್ನೂ ತಂದಿತು. ಮರುವರ್ಷ ಕೊಡಾಕ್‌ನ 16 ಎಂಎಂ, 1932ರಲ್ಲಿ 8 ಎಂಎಂ ಬಂದವು. ಮೂಕಿ ಹಾಸ್ಯಚಿತ್ರಗಳು ಈ ಮನೆ ಪ್ರೊಜೆಕ್ಟರುಗಳಿಗೆ ಹೇಳಿ ಮಾಡಿಸಿದಂತಿದ್ದವು: ಚಿಕ್ಕವು, ಧ್ವನಿಯ ಗೊಡವೆಯಿಲ್ಲ, ಮಕ್ಕಳಿಗೂ ಆಗುತ್ತವೆ.

ಅಷ್ಟರಲ್ಲಿ ವಾಕ್ಚಿತ್ರ ಬಂದಿತ್ತು. 1932ರಲ್ಲಿ ವ್ಯಾನ್ ಬ್ಯೂರೆನ್ ಎಂಬ ಸಂಸ್ಥೆ ಮ್ಯೂಚುಯಲ್‌ನ ಹನ್ನೆರಡೂ ಚಿತ್ರಗಳನ್ನು ಕೊಂಡು, ಸಂಗೀತ ಮತ್ತು ಢಬ್ ಢುಬ್ ಸದ್ದು ಸೇರಿಸಿ ಮತ್ತೆ ಬಿಟ್ಟಿತು. ಹಳೆಯ ಪೀಳಿಗೆಯವರು ಎಲ್ಲಿ ನೋಡಿದರೂ ಸಾಮಾನ್ಯವಾಗಿ ಕಂಡದ್ದು ಈ ಆವೃತ್ತಿಯನ್ನೇ. ಮುಂದೆ ಅಮೆರಿಕದ ಅಯೋವಾದ ಬ್ಲ್ಯಾಕ್‌ಹಾಕ್ ಫಿಲ್ಮ್ಸ್ 8 ಮತ್ತು 16 ಎಂಎಂ ರೀಲುಗಳನ್ನು ಅಂಚೆಯಲ್ಲಿ ಮಾರತೊಡಗಿತು. ಆ ಸಂಸ್ಥೆಯಲ್ಲಿ ದುಡಿದು, ಆಮೇಲೆ ಅದರ ಸಂಗ್ರಹವನ್ನೇ ಕೊಂಡ ಡೇವಿಡ್ ಶೆಪರ್ಡ್ ಈ ಹನ್ನೆರಡು ಚಿತ್ರಗಳಿಗಾಗಿ ದಶಕಗಟ್ಟಲೆ ಶ್ರಮಿಸಿದವರು. ವಿಡಿಯೊ ಕ್ಯಾಸೆಟ್, ಲೇಸರ್ ಡಿಸ್ಕ್, ಡಿವಿಡಿ ಹೀಗೆ ತಂತ್ರ ಬದಲಾದಂತೆಲ್ಲ ಮತ್ತೆ ಮತ್ತೆ ಒಳ್ಳೆಯ ಪ್ರತಿ ಹುಡುಕಿ ಹೊರತಂದರು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2003ರಲ್ಲಿ ತಂದ ಡಿವಿಡಿಯಲ್ಲಿ ಕಾರ್ಲ್ ಡೇವಿಸ್ ಅವರ ವಾದ್ಯಸಂಗೀತವಿತ್ತು. ಆಮೇಲೆ ಇಟಲಿಯ ಬೊಲೋನ್ಯಾ ನಗರದ ಸಿನೆಟೆಕ ಎಂಬ ಚಿತ್ರಭಂಡಾರ ಮತ್ತು ಪ್ಯಾರಿಸ್ಸಿನ ಲಾಬ್‌ಸ್ಟರ್ ಫಿಲ್ಮ್ಸ್ ಜಗತ್ತಿನ ಹಲವು ಭಂಡಾರಗಳಿಂದ ಪ್ರತಿಗಳನ್ನು ತರಿಸಿ ಚಿತ್ರ ಚಿತ್ರವನ್ನೂ ಹೋಲಿಸಿ ಹೊಸದಾಗಿ ಸರಿಪಡಿಸಿದವು. ಆ ಕೆಲಸದ ಫಲವಾಗಿ 2014ರಲ್ಲಿ ಅಮೆರಿಕದಲ್ಲಿ ಫ್ಲಿಕರ್ ಆಲಿ, 2015ರಲ್ಲಿ ಬ್ರಿಟನ್ನಿನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬ್ಲೂ-ರೇ ಬಿಡುಗಡೆ ಮಾಡಿದವು.

ಹಕ್ಕಿನ ಅವಧಿ ಮುಗಿದ ಚಿತ್ರವಾದ್ದರಿಂದ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಪ್ರತಿಗಳು ಹೇರಳ. ಆಯ್ಕೆಗೆ ಒಂದು ಗುರುತು ಹೇಳಬಹುದು. ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹದಿನಾರರಿಂದ ಇಪ್ಪತ್ತು ಚಿತ್ರ ದಾಖಲಾಗುತ್ತಿದ್ದವು. ವಾಕ್ಚಿತ್ರದ ವೇಗ ಇಪ್ಪತ್ತನಾಲ್ಕು. ಅದೇ 1,800 ಅಡಿ ಇಪ್ಪತ್ತನಾಲ್ಕರಲ್ಲಿ ಓಡಿದರೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ, ಇಪ್ಪತ್ತರಲ್ಲಿ ಓಡಿದರೆ ಇಪ್ಪತ್ತನಾಲ್ಕು ನಿಮಿಷ ಬೇಕು. ಹಳೆಯ ಸಿನಿಮಾದವರು ಇರುವೆಗಳಂತೆ ಸರಸರ ಓಡುತ್ತಾರೆ ಎಂಬ ನಮ್ಮ ತಿಳಿವಳಿಕೆಗೆ ಬಹುಪಾಲು ಕಾರಣ ಈ ವೇಗದ ಎಡವಟ್ಟು. ಇಪ್ಪತ್ತು ನಿಮಿಷದ ಪ್ರತಿ ಕಂಡರೆ ಬಿಟ್ಟು, ಇಪ್ಪತ್ತನಾಲ್ಕು ಇಪ್ಪತ್ತೈದು ನಿಮಿಷದ್ದನ್ನು ಹುಡುಕಿ. ನಾಣ್ಯದ ದೃಶ್ಯದ ಸಂಕೋಚಕ್ಕೆ ಆ ನಿಧಾನ ಬೇಕೇ ಬೇಕು.

ನಮ್ಮ ಕಡೆ ಏನಾಯಿತು? ಮೂಕಿಯ ಕಾಲದಲ್ಲಿ ಬೆಂಗಳೂರಿನಲ್ಲೂ ಚಿತ್ರಗಳಾಗಿದ್ದವು. ಹರಿಭಾಯಿ ದೇಸಾಯಿ ಅವರ ಸೂರ್ಯ ಫಿಲ್ಮ್ ಕಂಪನಿ ಇತ್ತು. ರಂಗಭೂಮಿಯ ಗುಬ್ಬಿ ವೀರಣ್ಣ ಸ್ವತಃ ಹಣ ಹೂಡಿ 1930ರ ದಶಕದ ಆರಂಭದಲ್ಲಿ ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ ಎಂಬ ಮೂಕಿಗಳನ್ನು ತೆಗೆಸಿದರು. ವೀರಣ್ಣನವರ ಹಾಸ್ಯಕ್ಕೆ ನಾಡೇ ನಗುತ್ತಿದ್ದ ಕಾಲ ಅದು. ಇಂದು ನೋಡಲು ಒಂದು ರೀಲೂ ಇಲ್ಲ. ದೇಶದಲ್ಲಿ 1,300ಕ್ಕೂ ಹೆಚ್ಚು ಮೂಕಿಗಳು ತಯಾರಾದವು. ಉಳಿದಿರುವವು ಮೂವತ್ತರ ಆಸುಪಾಸು, ಅವುಗಳಲ್ಲೂ ಹಲವು ತುಂಡುಗಳು. ಫಿಲ್ಮಿನ ಮೇಲಿನ ಬೆಳ್ಳಿಗಾಗಿ ಹಳೆಯ ರೀಲನ್ನು ಕರಗಿಸುವುದು ಎಲ್ಲ ದೇಶಗಳಲ್ಲೂ ನಡೆದದ್ದೇ. ಚಾಪ್ಲಿನ್‌ನ ಚಿತ್ರಗಳಿಗೆ ಸಾವಿರಾರು ಮನೆಗಳ ಕಪಾಟಿನಲ್ಲಿ ಪ್ರತಿಗಳಿದ್ದವು, ಒಂದು ಹಾಳಾದರೆ ಇನ್ನೊಂದು ಸಿಗುತ್ತಿತ್ತು. ವೀರಣ್ಣನವರ ಚಿತ್ರಗಳು ಥಿಯೇಟರಿನ ಡಬ್ಬಿ ಬಿಟ್ಟು ಆಚೆ ಹೋಗಲೇ ಇಲ್ಲ. ನನಗೆ ಇದು ತೀರಾ ನೋವಿನ ಸಂಗತಿ. ಚಾಪ್ಲಿನ್‌ನ ನಡಿಗೆಯನ್ನು ಅನುಕರಿಸಿದ ಬಂಗಾಳಿಯ ಕಿರು ಹಾಸ್ಯಚಿತ್ರ, ಕಾಲಿಪದ ದಾಸ್ ಅವರ ‘ಜಮಾಯಿ ಬಾಬು’ (1931) ಉಳಿದುಕೊಂಡಿರುವುದು ನೋಡಿದಾಗ, ನಮ್ಮದೂ ಒಂದು ಉಳಿಯಬಹುದಿತ್ತಲ್ಲ ಎನಿಸದೆ ಇರದು.

ಮಾತಿಲ್ಲದ ಹಾಸ್ಯ ಮತ್ತೆ ಬೆಂಗಳೂರಿನಲ್ಲಿ ತಲೆಯೆತ್ತಿದ್ದು 1987ರಲ್ಲಿ, ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ದಲ್ಲಿ. ಅವರೂ ಶೃಂಗಾರ್ ನಾಗರಾಜ್ ಅವರೂ ನಿರ್ಮಾಪಕರು, ಕ್ಯಾಮೆರಾ ಬಿ.ಸಿ. ಗೌರಿಶಂಕರ್ ಅವರದು, ಹೋಟೆಲಿನ ದೃಶ್ಯಗಳು ವಿಂಡ್ಸರ್ ಮ್ಯಾನರ್‌ನಲ್ಲಿ ನಡೆದವು. ಐಷಾರಾಮಿ ಕೋಣೆಯಲ್ಲಿ ನಿದ್ದೆ ಬಾರದ ನಾಯಕ ತನ್ನ ವಠಾರದ ಪಕ್ಕದ ಥಿಯೇಟರಿನ ಗದ್ದಲವನ್ನು ಟೇಪಿನಲ್ಲಿ ತುಂಬಿಕೊಂಡು ಬಂದು, ಅದನ್ನು ಕೇಳುತ್ತ ಮಲಗುತ್ತಾನೆ. ಚಾಪ್ಲಿನ್ ಕೂಡ ಮೆಚ್ಚಬಹುದಾದ ಕಲ್ಪನೆ ಅದು. ಡಬ್ಬಿಂಗ್ ಇಲ್ಲದೆ, ಬರೀ ಹೆಸರು ಬದಲಿಸಿಕೊಂಡು ಅದು ಹಲವು ಭಾಷೆಗಳ ನಾಡುಗಳಲ್ಲಿ ಓಡಿತು.

ಕೆಜಿಎಫ್‌ನ ಹಳೆಯ ಬಂಗಲೆಗಳಲ್ಲಿ, ಲೈನ್ ಮನೆಗಳ ಅಟ್ಟಗಳಲ್ಲಿ, ಬಂಗಾರಪೇಟೆಯ ರೈಲ್ವೆ ಮನೆತನಗಳ ಪೆಟ್ಟಿಗೆಗಳಲ್ಲಿ ತಗಡಿನ ಚಪ್ಪಟೆ ಡಬ್ಬಿಗಳು ಸಿಕ್ಕರೆ ಗುಜರಿಗೆ ಹಾಕುವ ಮೊದಲು ತೆರೆದು ನೋಡಿ. ಬೆರಳಗಲಕ್ಕಿಂತ ಕಿರಿದಾದ ಪಟ್ಟಿಯಾದರೆ 8 ಅಥವಾ 9.5 ಎಂಎಂ, 9.5 ಆದರೆ ತೂತುಗಳು ಅಂಚಿನಲ್ಲಿರದೆ ನಡುವೆ ಇರುತ್ತವೆ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮು ಕೆಡತೊಡಗಿದೆ ಎಂದರ್ಥ. ಬೇರೆ ರೀಲುಗಳಿಂದ ದೂರವಿಡಿ, ತಂಪಾದ ಒಣ ಜಾಗದಲ್ಲಿಡಿ. ಪ್ರೊಜೆಕ್ಟರಿಗೆ ಹಾಕಿ ಓಡಿಸುವ ಆಸೆ ಬೇಡ, ಒಣಗಿ ಕುಗ್ಗಿದ ಫಿಲ್ಮು ಹಲ್ಲಿಗೆ ಸಿಕ್ಕಿ ಹರಿಯುತ್ತದೆ. 35 ಎಂಎಂನ ಅಗಲ ರೀಲಾಗಿದ್ದು ಜಿಗುಟಾಗಿದ್ದರೆ ನೈಟ್ರೇಟ್ ಇರಬಹುದು, ಬೆಂಕಿ ಬಿಸಿಲುಗಳ ಹತ್ತಿರ ತರಬೇಡಿ. 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ಒಂದು ಪತ್ರ ಬರೆಯಿರಿ. ಡಬ್ಬಿಯ ಮೇಲಿನ ಚೀಟಿಯನ್ನು ಕೀಳದೆ ಹಾಗೇ ಬಿಡಿ. ಹೆಸರಿಲ್ಲದ ಎಷ್ಟೋ ರೀಲುಗಳ ಗುರುತು ಹಚ್ಚಿದ್ದು ಅಂಥ ಚೀಟಿಗಳಿಂದಲೇ.