ಫೈಟರ್ ಮೀನಿಗೆ ಜೊತೆ ತರುವ ಮುನ್ನ

ಪೆರ್ನಾಲ್‌ಗೆ ಸಿಕ್ಕಿದ ಹಣದಲ್ಲಿ ಮಕ್ಕಳು ಫೈಟರ್ ಮೀನು ತರುವುದು ಈಗ ನಮ್ಮ ಮನೆಗಳಲ್ಲಿ ಸಾಮಾನ್ಯ. ಬೆಟ್ಟಾ ಅಂತಲೂ ಹೇಳ್ತಾರೆ. ಒಂದು ವಾರ ಕಳೆದರೆ ಮನೆಯವರಿಗೆ ಕನಿಕರ. ‘ಪಾಪ, ಒಂದೇ ಇದೆಯಲ್ಲ, ಒಂದು ಜೊತೆ ತಂದು ಹಾಕುವ’ ಅಂತಾರೆ. ಕನಿಕರ ಒಳ್ಳೆಯದೇ. ಆದರೆ ತಿಳಿಯದೆ ತೋರಿಸಿದ ಕನಿಕರದಿಂದ ಮೀನು ಸಾಯುವುದೂ ಉಂಟು.

ಈ ಮೀನಿನ ಊರು ಥಾಯ್ಲೆಂಡ್. ಗದ್ದೆ, ಜವುಗಿನ ನಿಂತ ನೀರಲ್ಲಿ ಬದುಕುವ ಜಾತಿ. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಇನ್ನೊಂದು ಅಂಗವೂ ಇದಕ್ಕಿದೆ. ಆಗಾಗ ಮೇಲೆ ಬರುವುದು ಅದಕ್ಕೇ. ಇದು ಗುಂಪಲ್ಲಿ ಬಾಳುವ ಮೀನಲ್ಲ, ಗಂಡು ತನ್ನ ಜಾಗವನ್ನು ಕಾಯುತ್ತದೆ. ಗದ್ದೆಯಲ್ಲಾದರೆ ಸೋತ ಮೀನು ಓಡಿ ಹೋಗಬಹುದು. ಗಾಜಿನ ತೊಟ್ಟಿಯಲ್ಲಿ ಓಡುವುದೆಲ್ಲಿಗೆ?

ಬೆಕ್ಕನ್ನು ಕಟ್ಟಿಹಾಕಿ, ಆಹಾರ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಗೆ ಶಿಕ್ಷೆಯಾದ ವಿಷಯ ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿಯ ಬಗ್ಗೆ ಪ್ರವಾದಿ(ಸ)ರು ಪ್ರೀತಿಯಿಂದ ವಿಚಾರಿಸಿದ್ದೂ ಹದೀಸ್‌ನಲ್ಲಿದೆ. ಸಾಕುವುದಕ್ಕೆ ಅಡ್ಡಿಯಿಲ್ಲ. ಆದರೆ ಕೂಡಿಹಾಕಿದ ಮೇಲೆ ಅದರ ಹೊಣೆ ನಮ್ಮದು. ಆಹಾರ, ನೀರು ಮಾತ್ರವಲ್ಲ, ಯಾರ ಜೊತೆ ಇಡ್ತೇವೆ ಅನ್ನುವುದೂ ಆ ಹೊಣೆಯಲ್ಲಿ ಸೇರಿತು.

ಯಾರು ಬೇಡ?

ಎರಡು ಗಂಡು ಫೈಟರ್ ಒಟ್ಟಿಗೆ ಬೇಡವೇ ಬೇಡ. ಗಂಡಿಗೆ ಹೆಣ್ಣನ್ನು ಜೊತೆ ಮಾಡಿದರೆ ಸಂಸಾರವಾಗುತ್ತದೆ ಅಂತ ತಿಳಿಯಬೇಡಿ. ಗಂಡು ಹೆಣ್ಣನ್ನೂ ಕಚ್ಚಿ ಗಾಯ ಮಾಡುತ್ತದೆ. ಗಪ್ಪಿಯ ಬಣ್ಣದ ಬಾಲ ಕಂಡರೆ ಇನ್ನೊಂದು ಫೈಟರ್ ಅಂತ ತಿಳಿದು ಮೇಲೆರಗಬಹುದು. ಗೌರಾಮಿ ಹತ್ತಿರದ ಸಂಬಂಧಿ, ಅದೂ ಜಗಳಕ್ಕೇ. ಟೈಗರ್ ಬಾರ್ಬ್ ಹಾಕಿದರೆ ಕಥೆ ತಿರುಗುತ್ತದೆ: ಫೈಟರ್‌ನ ಉದ್ದ ರೆಕ್ಕೆಯನ್ನು ಅವೇ ಕಿತ್ತು ಹಾಕುತ್ತವೆ. ಗೋಲ್ಡ್‌ಫಿಶ್‌ಗೆ ತಂಪು ನೀರು ಬೇಕು, ಗಲೀಜೂ ಹೆಚ್ಚು. ಫೈಟರ್‌ಗೆ 24ರಿಂದ 28 ಡಿಗ್ರಿಯ ಬೆಚ್ಚಗಿನ ನೀರು ಬೇಕು.

ಯಾರು ಆಗಬಹುದು?

ಮೊದಲು ಜಾಗ ನೋಡಿ. ಒಂದೇ ಮೀನಿಗೆ 20 ಲೀಟರ್ ಇದ್ದರೆ ಒಳ್ಳೆಯದು. ಜೊತೆ ಬೇಕಾದರೆ 40 ಲೀಟರ್‌ಗಿಂತ ಕಡಿಮೆ ಬೇಡ. ಬೌಲ್‌ನಲ್ಲಿ ಜೊತೆಯ ಮಾತೇ ಬೇಡ. ತಳದಲ್ಲಿ ಓಡಾಡುವ ಕೂಲಿ ಲೋಚ್, ನಡುನೀರಲ್ಲಿ ಗುಂಪಾಗಿ ಸಾಗುವ ಹಾರ್ಲೆಕ್ವಿನ್ ರಾಸ್ಬೋರಾ ಒಳ್ಳೆಯ ನೆರೆಯವರು. ಎರಡೂ ಗುಂಪಿನ ಮೀನುಗಳು. ಯಾವುದಾದರೂ ಒಂದು ಜಾತಿಯನ್ನು ಆರಿಸಿ, ಕನಿಷ್ಠ ಆರು ತನ್ನಿ. ಇಷ್ಟೂ ಬೇಡ ಅನ್ನುವವರಿಗೆ ನೆರೈಟ್ ಬಸವನಹುಳು ಸಾಕು, ಪಾಚಿಯನ್ನೂ ತಿನ್ನುತ್ತದೆ. ಸಣ್ಣ ಸಿಗಡಿ ಹಾಕಿದರೆ ಫೈಟರ್‌ಗೆ ಊಟವಾಗುವ ಸಂಭವ ಹೆಚ್ಚು.

ಗಿಡ, ಮಡಕೆ ಚೂರು ಇಟ್ಟು ಅಡಗಲು ಜಾಗ ಮಾಡಿ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಮೊದಲು ಬೇರೆ ಮೀನು ಬಿಡಿ, ಕೊನೆಗೆ ಫೈಟರ್. ಆಗ ‘ಇದು ನನ್ನ ಜಾಗ’ ಅನ್ನುವ ಹಠ ಕಡಿಮೆ. ತೊಟ್ಟಿಗೆ ಮುಚ್ಚಳ ಇರಲಿ, ಹಾರುವ ಮೀನು ಇದು. ಗಾಳಿಗೆ ಸ್ವಲ್ಪ ಸಂದು ಬಿಡಿ. ಮೊದಲ ಕೆಲವು ದಿನ ಕಣ್ಣಿಡಿ. ರೆಕ್ಕೆ ಹರಿದರೆ, ಒಂದು ಮೀನು ಮೂಲೆಯಲ್ಲೇ ಅಡಗಿ ಊಟ ಬಿಟ್ಟರೆ, ತಕ್ಷಣ ಬೇರೆ ಮಾಡಿ. ಅದಕ್ಕೊಂದು ಪಾತ್ರೆ ಮೊದಲೇ ತಯಾರಿರಲಿ. ಹೊಂದಲಿಲ್ಲ ಅಂತ ತೋಡಿಗೆ, ಕೆರೆಗೆ ಬಿಡಬೇಡಿ. ಅಂಗಡಿಗೆ ಅಥವಾ ಸಾಕುವವರಿಗೆ ಕೊಡಿ.

ಉಮ್ಮಂದಿರು ಇನ್ನೊಂದು ವಿಷಯ ಗಮನಿಸಬೇಕು. ಎರಡು ಫೈಟರ್ ಬಾಟಲಿಗಳನ್ನು ಹತ್ತಿರ ಇಟ್ಟು, ಅವು ಕಿವಿರು ಅರಳಿಸುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕೆಲವರು ಒಂದೇ ನೀರಿಗೆ ಬಿಟ್ಟು ಯಾವುದು ಗೆಲ್ಲುತ್ತದೆ ಅಂತ ನೋಡ್ತಾರೆ. ಪ್ರಾಣಿಗಳನ್ನು ಪರಸ್ಪರ ಕಾದಾಡಿಸುವುದನ್ನು ಪ್ರವಾದಿ(ಸ)ರು ವಿರೋಧಿಸಿದ್ದು ಅಬೂ ದಾವೂದ್, ತಿರ್ಮಿದಿ ಗ್ರಂಥಗಳಲ್ಲಿ ಬಂದಿದೆ. ಕೋಳಿ ಅಂಕ ತಪ್ಪು ಅನ್ನುವ ನಾವು ಮೀನಿನ ಅಂಕ ಆಟ ಅನ್ನುವುದು ಹೇಗೆ? ಬೈಯುವುದಕ್ಕಿಂತ, ಹತ್ತಿರ ಕೂರಿಸಿ ಹರಿದ ರೆಕ್ಕೆಯನ್ನು ತೋರಿಸಿ ಹೇಳಿದರೆ ಮಕ್ಕಳಿಗೆ ಅರ್ಥ ಆಗ್ತದೆ.

ಒಂಟಿಯಾಗಿರುವುದು ಫೈಟರ್‌ಗೆ ಶಿಕ್ಷೆಯಲ್ಲ. ಶುದ್ಧ ನೀರು, ಹಿಡಿಯಷ್ಟು ಗಿಡ, ಮಿತವಾದ ಊಟ ಇದ್ದರೆ ಅದು ಒಬ್ಬನೇ ಆರಾಮವಾಗಿ ಇರುತ್ತದೆ. ಜೊತೆ ತರಲು ಜಾಗ ಇಲ್ಲದಿದ್ದರೆ ಹಾಗೇ ಬಿಡುವುದೇ ದಯೆ. ನಮ್ಮ ಕೈಕೆಳಗಿನ ಜೀವಿಗಳ ಹಕ್ಕನ್ನು ಪಾಲಿಸಲು ಅಲ್ಲಾಹನು ತೌಫೀಕ್ ನೀಡಲಿ, ಆಮೀನ್.